ಟಗರಿನ ಕೊಂಬು ಮತ್ತು ಬಿಲಾಲ್(ರ)ರ ಕಂಠ

ಹಿಜ್ರತ್‌ನ ನಂತರ ಮದೀನಾದಲ್ಲಿ ಮುಸ್ಲಿಮರು ಹೊತ್ತನ್ನು ಅಂದಾಜು ಮಾಡಿ ನಮಾಝಿಗೆ ಸೇರುತ್ತಿದ್ದರು. ಕರೆಯುವ ಏರ್ಪಾಡು ಇರಲಿಲ್ಲ. ಒಂದು ದಿನ ಅದರ ಬಗ್ಗೆ ಮಾತು ಬಂತು. ಕ್ರೈಸ್ತರಂತೆ ಗಂಟೆ ಬಾರಿಸೋಣವೆಂದರು ಕೆಲವರು, ಯಹೂದಿಯರಂತೆ ಕೊಂಬು ಊದೋಣವೆಂದರು ಇನ್ನು ಕೆಲವರು. ಒಬ್ಬನನ್ನು ಕಳುಹಿಸಿ ಕೂಗಿಸಬಾರದೇಕೆ ಎಂದು ಹ. ಉಮರ್(ರ) ಕೇಳಿದರು. ಎದ್ದು ಕರೆಯುವಂತೆ ಪ್ರವಾದಿ(ಸ)ಯವರು ಬಿಲಾಲ್(ರ)ರಿಗೆ ಹೇಳಿದರು. ಇಬ್ನು ಉಮರ್(ರ)ರ ಈ ವರದಿ ಸಹೀಹುಲ್ ಬುಖಾರಿಯಲ್ಲಿದೆ.

ಜುಮಾದಲ್ಲಿ ನಾವು ಇಷ್ಟು ಹೇಳಿ ಇಳಿದಾಗ ಒಬ್ಬ ಹುಡುಗ ಬಂದು ಕೇಳಿದ: "ಉಸ್ತಾದರೇ, ಆ ಕೊಂಬು ಎಂಥದ್ದು? ಯಾವ ಪ್ರಾಣಿಯದ್ದು?" ಪಕ್ಕದಲ್ಲಿದ್ದ ಹಾಜಿಯವರು, "ಯಹೂದಿಗಳ ವಿಷಯ ನಮಗೆ ಯಾಕೆ ಮಾರಾಯ" ಎಂದು ಅವನ ಬಾಯಿ ಮುಚ್ಚಿಸಿದರು. ಫೆಲೆಸ್ತೀನಿನ ಸುದ್ದಿ ಕೇಳಿ ಕೇಳಿ ನೊಂದ ಮನಸ್ಸು ಅದು. ನಮಗೂ ಆ ನೋವಿದೆ. ಆದರೆ ಹುಡುಗನ ಪ್ರಶ್ನೆ ಹದೀಸಿನಿಂದಲೇ ಹುಟ್ಟಿದ್ದಲ್ಲವೇ? ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಹೀಬ್ರೂ ಭಾಷೆಯಲ್ಲಿ ಅದರ ಹೆಸರು ಶೋಫಾರ್. ನಮ್ಮೂರ ಜಾತ್ರೆಗಳಲ್ಲಿ ಊದುವ ಕೊಂಬು ಹೆಸರಿಗಷ್ಟೇ ಕೊಂಬು, ಮಾಡಿದ್ದು ಲೋಹದಿಂದ. ಶೋಫಾರ್ ನಿಜವಾದ ಕೊಂಬು, ಸಾಮಾನ್ಯವಾಗಿ ಟಗರಿನದು. ಒಳಗಿನ ಎಲುಬನ್ನು ತೆಗೆದರೆ ಪೊಳ್ಳು ಕೊಳವೆ ಉಳಿಯುತ್ತದೆ. ತುದಿ ಕತ್ತರಿಸಿ, ತೂತು ಕೊರೆದು, ತುಟಿ ಬಿಗಿಹಿಡಿದು ಊದಬೇಕು. ಯಮನಿನ ಯಹೂದಿಯರದು ಕುಡು ಎಂಬ ಆಫ್ರಿಕದ ಪ್ರಾಣಿಯ ಉದ್ದನೆಯ, ಸುರುಳಿ ಕೊಂಬು. ಜಿಂಕೆಯದು ಆಗದು, ಅದು ಗಟ್ಟಿ ಎಲುಬು. ದನದ ಕೊಂಬೂ ಕೂಡದೆಂದು ಅವರ ಪಂಡಿತರು ಹೇಳುತ್ತಾರೆ. ತಲ್ಮೂದ್ ಕೊಡುವ ಕಾರಣಗಳಲ್ಲಿ ಒಂದು, ಅದು ಚಿನ್ನದ ಕರುವಿನ ಪಾಪವನ್ನು ನೆನಪಿಸುತ್ತದೆ ಎಂಬುದು. ಸೂರಃ ತ್ವಾಹಾದಲ್ಲಿ ಸಾಮಿರಿಯ ವೃತ್ತಾಂತ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಖ್ಯವಾಗಿ ಊದುವುದು ಅವರ ಹೊಸ ವರ್ಷವಾದ ರೋಶ್ ಹಶಾನಾದಲ್ಲಿ, ತಿಶ್ರಿ ತಿಂಗಳ ಮೊದಲ ಎರಡು ದಿನ. ಒಂದು ನೀಳ ಸ್ವರ, ಮೂರು ತುಂಡು ಸ್ವರ, ಬಿಕ್ಕಿದಂತೆ ಚಿಕ್ಕ ಚಿಕ್ಕ ಸ್ವರಗಳು, ಹೀಗೆ ದಿನಕ್ಕೆ 100 ಬಾರಿ ಊದುವ ರೂಢಿ. ಆ ದಿನ ಶನಿವಾರವಾದರೆ ಹೆಚ್ಚಿನವರು ಊದುವುದಿಲ್ಲ. ಯೋಮ್ ಕಿಪ್ಪೂರ್ ಉಪವಾಸ ಮುಗಿಯುವಾಗ ಮತ್ತೊಮ್ಮೆ ಕೊಂಬಿನ ಧ್ವನಿ. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ವಝೀರರಿಗೆ ವೈದ್ಯರಾಗಿದ್ದ, 1204ರಲ್ಲಿ ತೀರಿಕೊಂಡ ಯಹೂದಿ ವಿದ್ವಾಂಸ ಮೂಸಾ ಬಿನ್ ಮೈಮೂನ್ ಇದನ್ನು ಮೈಮರೆತವರನ್ನು ನಿದ್ದೆಯಿಂದೆಬ್ಬಿಸಿ ಪಶ್ಚಾತ್ತಾಪಕ್ಕೆ ಕರೆಯುವ ಧ್ವನಿಯೆಂದು ವಿವರಿಸಿದ್ದಾರೆ. ಅಂತ್ಯದಿನದಂದು ಊದಲಾಗುವ ಸೂರ್ ಕೂಡ ಒಂದು ಕೊಂಬೇ ಎಂದು ತಿರ್ಮಿದಿಯ ಹದೀಸಿನಲ್ಲಿದೆ.

ಇದೇ ಕೊಂಬು ಜಗಳಕ್ಕೂ ಕಾರಣವಾಯಿತು. ಜೆರುಸಲೇಮಿನಲ್ಲಿ ನಾವು ಬುರಾಕ್ ಗೋಡೆ ಎನ್ನುವ, ಅವರು ಪಶ್ಚಿಮದ ಗೋಡೆ ಎನ್ನುವ ಜಾಗದ ವಿವಾದದಿಂದ 1929ರಲ್ಲಿ ರಕ್ತಪಾತವಾಯಿತು. ಎರಡೂ ಕಡೆಯ ಬಹಳ ಜನ ಸತ್ತರು. ಬ್ರಿಟಿಷರು ನೇಮಿಸಿದ ಅಂತಾರಾಷ್ಟ್ರೀಯ ಆಯೋಗದ ತೀರ್ಪು 1931ರಲ್ಲಿ ಕಾನೂನಾಯಿತು. ಗೋಡೆಯ ಬಳಿ ಯಹೂದಿಯರು ಕೊಂಬು ಊದಬಾರದು. ಅವರ ಪ್ರಾರ್ಥನೆಯ ಹೊತ್ತಿನಲ್ಲಿ ಅವರಿಗೆ ತೊಂದರೆಯಾಗುವಂತೆ ಮುಸ್ಲಿಮರು ಅಲ್ಲಿ ದ್ಸಿಕ್ರ್ ನಡೆಸಬಾರದು. ಅಲ್ಲಾಹನ ಸ್ಮರಣೆಯನ್ನು ಒಬ್ಬರಿಗೆ ತೊಂದರೆ ಕೊಡಲು ಬಳಸುವ ಸ್ಥಿತಿ ಬಂದಿತ್ತೆಂದರೆ, ಓದುವಾಗ ನಮಗೆ ನಾಚಿಕೆಯಾಯಿತು.

ಟಗರಿನ ಕೊಂಬೇ ಏಕೆ ಎಂಬುದಕ್ಕೆ ಅವರು ಹೇಳುವುದು ಹ. ಇಬ್ರಾಹೀಮ್(ಅ)ರ ಬಲಿದಾನದ ಘಟನೆಯನ್ನು. ಮಗನ ಬದಲಿಗೆ ಅರ್ಪಿಸಿದ ಟಗರಿನ ಕೊಂಬು ಪೊದೆಯಲ್ಲಿ ಸಿಕ್ಕಿಕೊಂಡಿತ್ತೆಂದು ಅವರ ಗ್ರಂಥದಲ್ಲಿದೆ. ಮಗ ಇಸ್‌ಹಾಕ್(ಅ) ಎನ್ನುತ್ತಾರೆ ಅವರು, ಇಸ್ಮಾಈಲ್(ಅ) ಎನ್ನುತ್ತೇವೆ ನಾವು. ಟಗರಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಮುಂದಿನ ಶುಕ್ರವಾರ ಹುಡುಗನನ್ನು ಕೂರಿಸಿ ಇದನ್ನೆಲ್ಲ ಹೇಳಿದೆವು. ಹಾಜಿಯವರೂ ಕಂಬಕ್ಕೆ ಒರಗಿ ಕೇಳುತ್ತಿದ್ದರು. ಆ ಟಗರಿನ ಎರಡು ಕೊಂಬುಗಳು ಕಅಬಾದ ಒಳಗೇ ಇದ್ದವು ಎಂದಾಗ ನೆಟ್ಟಗೆ ಕೂತರು. ನಮಾಝ್ ಮಾಡುವವರ ಗಮನ ಸೆಳೆಯುವ ವಸ್ತು ಅಲ್ಲಿರಬಾರದೆಂದು, ಅವುಗಳನ್ನು ಮುಚ್ಚಿಡುವಂತೆ ಪ್ರವಾದಿ(ಸ)ಯವರು ಉಸ್ಮಾನ್ ಬಿನ್ ತಲ್ಹಾ(ರ)ರಿಗೆ ಸೂಚಿಸಿದ್ದರು. ಹಿಜರಿ 64ರಲ್ಲಿ, ಇಬ್ನು ಝುಬೈರ್(ರ)ರ ಕಾಲದ ಮುತ್ತಿಗೆಯಲ್ಲಿ ಕಅಬಾಕ್ಕೆ ಬೆಂಕಿ ಬಿತ್ತು. ಕೊಂಬುಗಳು ಕಅಬಾದೊಂದಿಗೇ ಸುಟ್ಟುಹೋದವೆಂದು ವರದಿಗಾರ ಸುಫ್ಯಾನ್ ತಿಳಿಸುತ್ತಾರೆ.

"ಇದು ಯಾವ ಕಿತಾಬಿನಲ್ಲಿದೆ ಉಸ್ತಾದರೇ?" ಎಂದು ಕೇಳಿದರು ಹಾಜಿಯವರು.

ಮುಸ್ನದ್ ಅಹ್ಮದ್‌ನಲ್ಲಿ, ಎಂದೆವು.