ತನ್ನ ಕೃತಿಯನ್ನು ಕಾಣದ ಶಿಲ್ಪಿ

ಸಿಡ್ನಿ ಬಂದರಿನಲ್ಲಿ ನೀರಿನೊಳಕ್ಕೆ ಚಾಚಿಕೊಂಡಿರುವ ಒಂದು ಸಣ್ಣ ಭೂಶಿರಕ್ಕೆ ಬೆನೆಲಾಂಗ್ ಪಾಯಿಂಟ್ ಎಂದು ಹೆಸರು. ಬ್ರಿಟಿಷರು ಬಂದಿಳಿದ ಹೊಸತರಲ್ಲಿ ಅವರಿಗೂ ಮೂಲನಿವಾಸಿಗಳಿಗೂ ನಡುವೆ ದುಭಾಷಿಯಾಗಿದ್ದ ಬೆನೆಲಾಂಗನಿಗೆ 1790ರಲ್ಲಿ ಅಲ್ಲಿ ಇಟ್ಟಿಗೆಯ ಪುಟ್ಟ ಮನೆಯೊಂದನ್ನು ಕಟ್ಟಿಕೊಟ್ಟಿದ್ದರು. ಮುಂದೆ ಆ ಜಾಗದಲ್ಲಿ ಕೋಟೆ ಬಂದಿತು. ಕೋಟೆ ಹೋಗಿ ಟ್ರಾಮ್ ಡಿಪೋ ಬಂದಿತು. ಈಗ ಅಲ್ಲಿರುವುದು ಜಗತ್ಪ್ರಸಿದ್ಧವಾದ ಒಪೆರಾ ಹೌಸ್.

ಚಿತ್ರಗಳಲ್ಲಿ ಹಾಲಿನಂತೆ ಬೆಳ್ಳಗೆ ಕಾಣುವ ಅದರ ಛಾವಣಿಯನ್ನು ನಾನು ಹತ್ತಿರದಿಂದ ನೋಡಿದಾಗ ಅದು ಅಪ್ಪಟ ಬಿಳಿಯದಲ್ಲವೆಂದು ತಿಳಿಯಿತು. ಹೊಳಪಿನ ಬಿಳಿ ಮತ್ತು ಹೊಳಪಿಲ್ಲದ ಕೆನೆಬಣ್ಣ, ಹೀಗೆ ಎರಡು ಬಗೆಯ ಹೆಂಚುಬಿಲ್ಲೆಗಳನ್ನು ಅಲ್ಲಿ ಜೋಡಿಸಿದ್ದಾರೆ. ಸ್ವೀಡನ್ ದೇಶದಲ್ಲಿ ತಯಾರಾದ ಈ ಬಿಲ್ಲೆಗಳ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು. ಬಿಸಿಲು ಸರಿದಂತೆ ಛಾವಣಿಯ ಬಣ್ಣವೂ ಬದಲಾಗುವುದಕ್ಕೆ ಇದೇ ಕಾರಣ.

ಈ ಕಟ್ಟಡದ ವಿನ್ಯಾಸಕ್ಕಾಗಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಗೆ 233 ನಕ್ಷೆಗಳು ಬಂದಿದ್ದವು. 1957ರ ಜನವರಿಯಲ್ಲಿ ಗೆದ್ದವರು ಡೆನ್ಮಾರ್ಕಿನ ಯೋರ್ನ್ ಉಟ್ಜನ್. ಅವರಿಗಾಗ 38 ವರ್ಷ. ಹಡಗುಗಳ ವಿನ್ಯಾಸಕಾರನ ಮಗನಾದ ಅವರು ಸಿಡ್ನಿಯನ್ನು ನೋಡದೆಯೇ, ನೌಕಾಯಾನದ ನಕಾಶೆಗಳನ್ನು ಅಭ್ಯಾಸ ಮಾಡಿ ಆ ಚಿತ್ರವನ್ನು ಬರೆದಿದ್ದರು.

ಚಿತ್ರವೇನೋ ಸುಂದರವಾಗಿತ್ತು, ಕಟ್ಟುವುದು ಹೇಗೆಂಬುದು ಯಾರಿಗೂ ತಿಳಿದಿರಲಿಲ್ಲ. ಛಾವಣಿಯ ಲೆಕ್ಕಾಚಾರ ಮುಗಿಯುವ ಮೊದಲೇ, 1959ರ ಮಾರ್ಚ್‌ನಲ್ಲಿ, ಸರ್ಕಾರ ಅವಸರದಿಂದ ಕೆಲಸ ಆರಂಭಿಸಿತು. ಅದರ ಫಲವಾಗಿ ಆಗಲೇ ನಿಲ್ಲಿಸಿದ್ದ ಕಂಬಗಳು ಛಾವಣಿಯ ಭಾರಕ್ಕೆ ಸಾಲದೆ, ಮತ್ತೆ ಕಟ್ಟಬೇಕಾಯಿತು. 1961ರಲ್ಲಿ ಉಟ್ಜನ್ ಪರಿಹಾರವನ್ನು ಮುಂದಿಟ್ಟರು: ಎಲ್ಲ ಚಿಪ್ಪುಗಳನ್ನೂ ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಗೋಳದ ಮೇಲ್ಮೈಯಿಂದ ಕತ್ತರಿಸಿದಂತೆ ರೂಪಿಸುವುದು. ಒಂದು ಕಿತ್ತಳೆಯ ಸಿಪ್ಪೆಯಿಂದ ಚಿಕ್ಕ ದೊಡ್ಡ ತುಂಡುಗಳನ್ನು ತೆಗೆದಿರಿ ಎಂದುಕೊಳ್ಳಿ. ಗಾತ್ರ ಬೇರೆಯಾದರೂ ಎಲ್ಲದರ ಬಾಗು ಒಂದೇ. ಬಾಗು ಒಂದೇ ಆದ್ದರಿಂದ ಅದೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಕಾಂಕ್ರೀಟ್ ಎರಕ ಹೊಯ್ದು ಛಾವಣಿಯನ್ನು ಜೋಡಿಸಲು ಸಾಧ್ಯವಾಯಿತು. ರೇಖಾಗಣಿತದಿಂದ ಏನು ಪ್ರಯೋಜನವೆಂದು ತರಗತಿಯಲ್ಲಿ ಕೇಳುತ್ತಿದ್ದವರಿಗೆ ಇದು ನನ್ನ ಉತ್ತರ.

ಆ ಸಂಗೀತಮಂದಿರ ಎದ್ದು ನಿಲ್ಲುವ ಮುನ್ನವೇ ಅಲ್ಲಿ ಸಂಗೀತ ಕೇಳಿಸಿತ್ತು. 1960ರ ನವೆಂಬರ್‌ನಲ್ಲಿ ಅಮೆರಿಕದ ಕಪ್ಪು ಗಾಯಕ ಪಾಲ್ ರಾಬ್ಸನ್ ಕಾಮಗಾರಿಯ ನಡುವೆ ನಿಂತು ಕಾರ್ಮಿಕರಿಗಾಗಿ ಹಾಡಿದರು.

ಮೊದಲ ಅಂದಾಜು 70 ಲಕ್ಷ ಡಾಲರ್, ಮುಗಿಸಬೇಕಾಗಿದ್ದುದು 1963ರಲ್ಲಿ. ವೆಚ್ಚ ಏರಿತು, ಅವಧಿ ಮೀರಿತು. 1965ರಲ್ಲಿ ಹೊಸ ಸರ್ಕಾರ ಬಂದಿತು. ಲೋಕೋಪಯೋಗಿ ಸಚಿವ ಡೇವಿಸ್ ಹ್ಯೂಸ್ ಹಣ ಬಿಡುಗಡೆಯಲ್ಲಿ ಬಿಗಿಹಿಡಿದರು. 1966ರ ಫೆಬ್ರವರಿಯಲ್ಲಿ ಉಟ್ಜನ್ ರಾಜೀನಾಮೆಯಿತ್ತರು. ಅವರನ್ನು ಮರಳಿ ಕರೆಯಿರೆಂದು ಜನ ಬೀದಿಗಿಳಿದು ಮೆರವಣಿಗೆ ನಡೆಸಿದರೂ ಫಲಿಸಲಿಲ್ಲ. ಅವರು ಆ ದೇಶವನ್ನು ಬಿಟ್ಟು ಹೋದರು. ಪೀಟರ್ ಹಾಲ್ ಮತ್ತು ಸಂಗಡಿಗರು ಒಳಾಂಗಣವನ್ನು ಬೇರೆ ರೀತಿಯಲ್ಲಿ ಪೂರ್ಣಗೊಳಿಸಿದರು. 1973ರ ಅಕ್ಟೋಬರ್ 20ರಂದು ರಾಣಿ ಎಲಿಜಬೆತ್ ಉದ್ಘಾಟಿಸಿದರು.

ಸಾರ್ವಜನಿಕರ ಹಣಕ್ಕೆ ಲೆಕ್ಕ ಕೇಳುವುದು ಸಚಿವರ ಧರ್ಮ. ಅದನ್ನು ನಾನು ತಪ್ಪೆನ್ನಲಾರೆ. ಆದರೆ ಲೆಕ್ಕವನ್ನು ಪೂರ್ತಿಯಾಗಿ ನೋಡಬೇಕು. ಉಟ್ಜನ್ ಹೊರಟ ವರ್ಷ ಖರ್ಚಾಗಿದ್ದುದು ಸುಮಾರು 2.3 ಕೋಟಿ ಡಾಲರ್. ಮುಗಿಯುವ ಹೊತ್ತಿಗೆ ಆದದ್ದು 10.2 ಕೋಟಿ. ದುಂದುಗಾರನೆಂದು ಯಾರನ್ನು ದೂರಿದರೋ, ಅವರು ಹೋದ ಮೇಲೆಯೇ ಮುಕ್ಕಾಲು ಪಾಲಿಗಿಂತ ಹೆಚ್ಚು ವ್ಯಯವಾಯಿತು. ಅದರ ಬಹುಭಾಗವನ್ನು ತುಂಬಿದ್ದು ಲಾಟರಿ ಚೀಟಿ ಕೊಂಡ ಸಾಮಾನ್ಯ ಜನ.

ತಡವಾಗಿಯಾದರೂ ಸಿಡ್ನಿ ತನ್ನ ಋಣವನ್ನು ನೆನೆಯಿತು. 1999ರಲ್ಲಿ ಮುಂದಿನ ಬದಲಾವಣೆಗಳಿಗೆ ವಿನ್ಯಾಸತತ್ತ್ವಗಳನ್ನು ರೂಪಿಸಿಕೊಡುವಂತೆ ಉಟ್ಜನ್ ಅವರನ್ನೇ ಕೋರಿತು. ಅವರು ಮುನಿಸು ಮರೆತು ಒಪ್ಪಿಕೊಂಡರು. ಅವರು ರೂಪಿಸಿದ ಒಂದು ಕೋಣೆ 2004ರಲ್ಲಿ ಅವರ ಹೆಸರಿನಲ್ಲೇ ತೆರೆಯಿತು. 2007ರಲ್ಲಿ ಕಟ್ಟಡ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2008ರ ನವೆಂಬರ್‌ನಲ್ಲಿ, 90ನೆಯ ವಯಸ್ಸಿನಲ್ಲಿ, ಉಟ್ಜನ್ ತೀರಿಕೊಂಡರು. ನೆಲವನ್ನು ನೋಡದೆ ಚಿತ್ರ ಬರೆದ ಆ ಮನುಷ್ಯ, ಪೂರ್ಣಗೊಂಡ ಕಟ್ಟಡವನ್ನೂ ಒಮ್ಮೆಯೂ ಕಣ್ಣಾರೆ ನೋಡಲಿಲ್ಲ.

ನೀವು ಅಲ್ಲಿಗೆ ಹೋದರೆ ಛಾಯಾಚಿತ್ರ ತೆಗೆದುಕೊಳ್ಳಿ, ಸಾಧ್ಯವಾದರೆ ಕಛೇರಿಯೊಂದನ್ನು ಕೇಳಿ. ಜೊತೆಗೆ ಮಕ್ಕಳಿದ್ದರೆ ಉಟ್ಜನ್ ಅವರ ಹೆಸರನ್ನೂ ಹೇಳಿಕೊಡಿ.