ತಾಳಿಕೆಯ ಲೆಕ್ಕ: ಗರಡಿಯಿಂದ ಕಲ್ಲುಗಣಿಯವರೆಗೆ

ದೇಹಕ್ಕೂ ಮನಸ್ಸಿಗೂ ಬೀಳುವ ಭಾರವನ್ನು ಹೊತ್ತು, ಹೊತ್ತ ಮೇಲೆ ಮತ್ತೆ ಚೇತರಿಸಿಕೊಳ್ಳುವ ಶಕ್ತಿಯನ್ನು ತಾಳಿಕೆ ಎನ್ನುವುದಾದರೆ, ಅದನ್ನು ಬೆಳೆಸುವ ವಿದ್ಯೆ ಗರಡಿಯಲ್ಲಿ, ದುಡಿಯುವ ದೇಹವನ್ನು ಅಳೆದ ಪ್ರಯೋಗಶಾಲೆಯಲ್ಲಿ ಮತ್ತು ಮನಶ್ಶಾಸ್ತ್ರದಲ್ಲಿ ಒಂದನ್ನೊಂದು ಅರಿಯದಂತೆಯೇ ಬೆಳೆದುಬಂದಿದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ಈ ಮೂರಕ್ಕೂ ಕೆಲಸವಿದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಇಲ್ಲಿ ಫರಸಿ ಕಲ್ಲು ಬಿಡಿಸುವವರಿಗೆ, ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮಾಡುವವರಿಗೆ, ಮಳೆಯನ್ನೇ ನಂಬಿ ತೊಗರಿ ಬಿತ್ತುವವರಿಗೆ ತಾಳಿಕೆಯೆಂಬುದು ದಿನದ ರೊಟ್ಟಿಯ ಪ್ರಶ್ನೆ.

ಈ ವಿದ್ಯೆಯ ಹಳೆಯ ಬರಹರೂಪಗಳಲ್ಲೊಂದು ಚಿಂಚೋಳಿಗೆ ಹೆಚ್ಚು ದೂರವಲ್ಲದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ ಹುಟ್ಟಿತು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 1129ರ ಸುಮಾರಿನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗವು ಜಟ್ಟಿಗಳನ್ನು ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರವನ್ನು ಗೊತ್ತುಮಾಡಿ, ಸಾಧನೆಗಳನ್ನು ಒಂದೊಂದಾಗಿ ಹೆಸರಿಸುತ್ತದೆ: ತೂಕ ಎತ್ತುವ ಭಾರಶ್ರಮ, ನಡೆದು ಓಡುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಮುಂತಾದವು. ಅರಮನೆಯ ವಿನೋದಕ್ಕಾಗಿ ಬರೆದ ಗ್ರಂಥವಾದರೂ, ದೇಹಬಲವನ್ನು ಹುಟ್ಟಿನ ವರವೆಂದು ಹೊಗಳಿ ಸುಮ್ಮನಾಗದೆ ಅದನ್ನು ಪ್ರಮಾಣಬದ್ಧವಾಗಿ ಬೆಳೆಸಬಹುದೆಂದು ತಿಳಿದಿದ್ದೇ ಅದರ ಹೆಚ್ಚುಗಾರಿಕೆ.

ಗ್ರಂಥವನ್ನು ಕಾಣದವರಲ್ಲಿಯೂ ಈ ತಿಳಿವಳಿಕೆ ಉಳಿದುಕೊಂಡಿತು. ಮುಂದೆ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ ಈ ಭಾಗದಲ್ಲಿ ಗರಡಿಯ ಅಭ್ಯಾಸ ತಾಲೀಮೆನಿಸಿಕೊಂಡಿತು. ದಂಡ, ಬೈಠಕ್, ಗುಂಡು ಎತ್ತುವುದು, ಜೋಳದ ಚೀಲ ಎತ್ತುವುದು ಜಾತ್ರೆಗಳ ಪಂದ್ಯಗಳಾದವು. ಈ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯ ಕಣವು ಎಳೆಯ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಆರಂಭವಾಗಿ, ಜೋಡಿಯಿಂದ ಜೋಡಿಗೆ ಏರುತ್ತ, ಪಳಗಿದ ಪೈಲ್ವಾನರ ಬೆಳ್ಳಿ ಕಡಗದ ಕುಸ್ತಿಗೆ ಮುಗಿಯುವುದು ವಾಡಿಕೆ. ಗೆದ್ದ ಹುಡುಗನಿಗೆ ಕೈಯಲ್ಲಿ ಕಾಯಿ, ಸೋತವನಿಗೆ ಮುಂದಿನ ಜಾತ್ರೆಯವರೆಗೆ ತಾಲೀಮು. ವಯಸ್ಸಿಗೆ ಮೀರಿದ ಜೋಡಿಯನ್ನು ಕಣದ ಹಿರಿಯರೇ ಒಪ್ಪುವುದಿಲ್ಲ. ಭಾರವನ್ನು ಹಂತಹಂತವಾಗಿ ಏರಿಸಬೇಕೆಂಬ ಆಧುನಿಕ ತರಬೇತಿಯ ಮೂಲಸೂತ್ರಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾರ್ವಜನಿಕ ನಿದರ್ಶನ ಸಿಗುವುದು ಕಷ್ಟ.

ಅದೇ ಸೂತ್ರವನ್ನು ವಿಜ್ಞಾನವು ಕಂಡುಕೊಂಡಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಅಷ್ಟೇನೂ ಉದಾತ್ತವಲ್ಲದ ಕಾರಣಕ್ಕೆ. ದಕ್ಷಿಣ ಆಫ್ರಿಕಾದ ಆಳವಾದ ಚಿನ್ನದ ಗಣಿಗಳಲ್ಲಿ ಕಾರ್ಮಿಕರು ಶಾಖದ ಹೊಡೆತಕ್ಕೆ ಸಾಯತೊಡಗಿದಾಗ, 1930ರ ದಶಕದಲ್ಲಿ ಡ್ರಿಯೋಸ್ಟಿ ಎಂಬ ವೈದ್ಯ ಅವರನ್ನು ಬಿಸಿ ವಾತಾವರಣದಲ್ಲಿ ದುಡಿಸಿ, ಯಾರ ಮೈ ಎಷ್ಟು ಕಾಯುತ್ತದೆಂದು ಅಳೆದ. ಉತ್ಪಾದನೆ ನಿಲ್ಲದಂತೆ ನೋಡಿಕೊಳ್ಳುವುದೂ ಗಣಿ ಒಡೆಯರ ಕಾಳಜಿಯಾಗಿತ್ತು. 1936ರಲ್ಲಿ ವಿಜ್ಞಾನಿ ಹಾನ್ಸ್ ಸೆಲ್ಯೆ ಒಂದು ಪುಟ್ಟ ಟಿಪ್ಪಣಿಯ ಮೂಲಕ, ದೇಹವು ಯಾವುದೇ ಕಠಿಣ ಪ್ರಚೋದನೆಗೆ ಮೊದಲು ಬೆದರಿ, ಬಳಿಕ ಎದುರಿಸಿ ನಿಂತು, ಭಾರ ಇಳಿಯದಿದ್ದರೆ ಕೊನೆಗೆ ಬಸವಳಿಯುತ್ತದೆಂಬ ಮೂರು ಹಂತಗಳ ಕಲ್ಪನೆಯನ್ನು ಮುಂದಿಟ್ಟ. ಶಹಾಬಾದ್ ಸಿಮೆಂಟ್ ಕಂಪನಿಯು ಇತರ ಕಂಪನಿಗಳೊಡನೆ ಸೇರಿ ಎಸಿಸಿ ಎಂಬ ಸಿಮೆಂಟ್ ಸಂಸ್ಥೆಯಾದದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವೇನಿಲ್ಲ, ಆದರೆ ಸೆಲ್ಯೆ ಇಲಿಗಳಲ್ಲಿ ಕಂಡದ್ದನ್ನು ಮನುಷ್ಯರಲ್ಲಿ ಕಾಣಲು ಸಿಮೆಂಟ್ ಭಟ್ಟಿಯ ಪಕ್ಕ ಒಂದು ಬೇಸಿಗೆ ನಿಂತಿದ್ದರೆ ಸಾಕಿತ್ತು.

ಮುಂದಿನ ದಶಕಗಳ ಸಂಶೋಧನೆ ಶಾಖಕ್ಕೆ ಒಗ್ಗುವ ಕ್ರಿಯೆಯನ್ನು ವಿವರವಾಗಿ ಬಿಡಿಸಿಟ್ಟಿತು. ಬಿಸಿಲಿನಲ್ಲಿ ಒಂದೆರಡು ವಾರ ದಿನವೂ ದುಡಿದವನಿಗೆ ಬೆವರು ಬೇಗ ಮತ್ತು ಹೆಚ್ಚು ಬರುತ್ತದೆ, ಆ ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವಭಾಗ ಹೆಚ್ಚುತ್ತದೆ, ಅಷ್ಟೇ ಕೆಲಸಕ್ಕೆ ನಾಡಿ ಮೊದಲಿಗಿಂತ ನಿಧಾನವಾಗಿ ಮಿಡಿಯುತ್ತದೆ. ಗಳಿಸಿದ ಈ ಶಕ್ತಿ ಕೆಲಸ ಬಿಟ್ಟ ಕೆಲವೇ ವಾರಗಳಲ್ಲಿ ಕರಗುವುದರಿಂದ, ಮದುವೆ, ಹಬ್ಬವೆಂದು ಊರಲ್ಲಿ ಬಹಳ ದಿನ ಉಳಿದು ಗಣಿಗೆ ಮರಳಿದ ಹಳಬನೂ ಅರ್ಧ ಹೊಸಬನೇ. ಹೊಸಬರಿಗೆ ಮೊದಲ ದಿನ ಕೆಲಸದ ಐದನೇ ಒಂದು ಪಾಲನ್ನು ಮಾತ್ರ ಒಪ್ಪಿಸಿ, ದಿನಕ್ಕೆ ಅಷ್ಟಷ್ಟೇ ಏರಿಸಬೇಕೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಸೂಚಿಸುವುದು ಈ ಕಾರಣಕ್ಕೆ. ಕಲಬುರಗಿಯ ಒಣ ಝಳದಲ್ಲಿ ಬೆವರು ಮೈಮೇಲೆ ಕಾಣುವ ಮೊದಲೇ ಆರಿಹೋಗುವುದರಿಂದ, ಕಳೆದುಕೊಂಡ ನೀರಿನ ಅಂದಾಜು ಸಿಗದೆ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆಯೂ ಅಂಬಲಿಯೂ ಇಲ್ಲಿ ರುಚಿಗಿಂತ ಹೆಚ್ಚಿನ ಕೆಲಸ ಮಾಡುತ್ತವೆ.

ಆದರೆ ಒಗ್ಗುವಿಕೆಗೆ ಗಡಿಯಿದೆ, ಮತ್ತು ತಾಳಿಕೆಯ ಜನಪ್ರಿಯ ಪುಸ್ತಕಗಳು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಶಾಖಕ್ಕೆ ಒಗ್ಗುವ ದೇಹ ಕಲ್ಲಿನ ಧೂಳಿಗೆ ಒಗ್ಗುವುದಿಲ್ಲ. ಎಷ್ಟು ವರ್ಷ ಉಸಿರಾಡಿದರೂ ಶ್ವಾಸಕೋಶ ಗಟ್ಟಿಯಾಗದೆ ಹಾಳಾಗುತ್ತದೆ. ರಾತ್ರಿ ಪಾಳಿಗೂ ಹೆಚ್ಚಿನವರ ದೇಹಗಡಿಯಾರ ಪೂರ್ತಿಯಾಗಿ ಹೊಂದಿಕೊಳ್ಳುವುದಿಲ್ಲ, ಮತ್ತು ಸಿಮೆಂಟ್ ಭಟ್ಟಿಯಾಗಲಿ, 1874ರಲ್ಲಿ ಸಿಕಂದರಾಬಾದಿನ ರೈಲು ಹಾದಿ ಬಂದು ಕೂಡಿದ ವಾಡಿ ಜಂಕ್ಷನ್ನಾಗಲಿ ರಾತ್ರಿಯೆಂದು ನಿಲ್ಲುವಂಥವಲ್ಲ.

ಮನಸ್ಸಿನ ತಾಳಿಕೆಯ ಅಧ್ಯಯನ ತಡವಾಗಿ ಆರಂಭವಾಯಿತು. 1979ರಲ್ಲಿ ಮನಶ್ಶಾಸ್ತ್ರಜ್ಞೆ ಸುಝೇನ್ ಕೊಬಾಸಾ, ಒತ್ತಡದಲ್ಲಿಯೂ ಕಾಯಿಲೆ ಬೀಳದ ಅಮೆರಿಕದ ಕಂಪನಿ ಅಧಿಕಾರಿಗಳಲ್ಲಿ ಮಾಡುವ ಕೆಲಸದಲ್ಲಿ ಬದ್ಧತೆ, ಘಟನೆಗಳ ಮೇಲೆ ತನ್ನ ಹಿಡಿತವಿದೆಯೆಂಬ ನಂಬಿಕೆ, ಬದಲಾವಣೆಯನ್ನು ಸವಾಲೆಂದು ಕಾಣುವ ದೃಷ್ಟಿ ಎಂಬ ಗುಣಗಳನ್ನು ಗುರುತಿಸಿದರು. ಅಧ್ಯಯನ ಮುಖ್ಯವಾದುದು; ಆದರೆ 2022ರ ಹಂಗಾಮಿನಲ್ಲಿ ಕಾಯಿಕಟ್ಟುವ ಹೊತ್ತಿಗೆ ನೆಟೆ ರೋಗಕ್ಕೆ ತೊಗರಿ ಒಣಗಿದ್ದನ್ನು ಕಂಡ ರೈತನಿಗೆ ಹಿಡಿತದ ನಂಬಿಕೆಯನ್ನು ಬೋಧಿಸುವುದು ಅವಮಾನಕ್ಕೆ ಹತ್ತಿರವಾದೀತು. 2007ರಲ್ಲಿ ಏಂಜೆಲಾ ಡಕ್‌ವರ್ತ್ ಪ್ರಚಾರಕ್ಕೆ ತಂದ ‘ಗ್ರಿಟ್’, ಅಂದರೆ ದೀರ್ಘ ಗುರಿಯ ಹಟ, ಶ್ರದ್ಧೆಯೆಂಬ ಹಳೆಯ ಗುಣಕ್ಕಿಂತ ಅಷ್ಟೇನೂ ಬೇರೆಯಲ್ಲವೆಂದು ಹತ್ತು ವರ್ಷಗಳ ಬಳಿಕದ ಸಮಗ್ರ ಪರಿಶೀಲನೆ ತೋರಿಸಿತು. ಈ ಸೀಮೆಗೆ ಹೆಚ್ಚು ಒಪ್ಪುವುದು ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಎಮ್ಮಿ ವರ್ನರ್ ಅವರ ಕೆಲಸ: ಕಡುಕಷ್ಟದಲ್ಲಿ ಬೆಳೆದವರಲ್ಲಿ ಸುಮಾರು ಮೂರನೇ ಒಂದು ಪಾಲು ಸಮರ್ಥರಾಗಿ ನಿಂತರು, ಅವರ ಬೆನ್ನಿಗೆ ಹೆಚ್ಚಾಗಿ ಕೈಬಿಡದ ಒಬ್ಬ ಹಿರಿಯರಿದ್ದರು. ಅಪ್ಪ ಅವ್ವ ಗುಳೆ ಹೋದಾಗ ಊರಲ್ಲಿ ಮಕ್ಕಳನ್ನು ಹಿಡಿದು ನಿಲ್ಲುವ ಅಜ್ಜಿಯ ಪಾತ್ರ ಇಂಥದು.

ಕರ್ನಾಟಕದಲ್ಲಿ ಮನಸ್ಸಿಗೂ ಆಸರೆ ಬೇಕೆಂಬ ಅರಿವಿಗೆ ಸಂಸ್ಥೆಯ ರೂಪ ಕೊಟ್ಟದ್ದು ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್; 1980ರ ದಶಕದ ಮಧ್ಯದಲ್ಲಿ ಅದು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದೇಹದ ಕಡೆಯಿಂದ ಆಡಳಿತವು ಭಾರವನ್ನು ಅಳೆಯಲು ಕಲಿತಿರುವ ಎರಡು ಗುರುತುಗಳು ಕಾಣುತ್ತವೆ: ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ, ಮತ್ತು ಬೇಸಿಗೆಯಲ್ಲಿ ನರೇಗಾ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ನೀಡಿ ಪೂರ್ತಿ ಕೂಲಿ ಕೊಡುತ್ತ ಬರಲಾಗಿದೆ. ಬಿಡಿಸಿದಷ್ಟು ಕಲ್ಲಿಗೆ ಅಷ್ಟೇ ಕೂಲಿಯೆಂಬ ಕರಾರಿನಲ್ಲಿ ದುಡಿಯುವವರಿಗೆ ಈ ಎರಡೂ ಅನ್ವಯಿಸುವುದಿಲ್ಲ. ಬಿಸಿಲೇರುವ ಮುನ್ನ ಕೆಲಸಕ್ಕೆ ಇಳಿಯುವುದು, ಏರಿದ ಮೇಲೆ ನೆರಳು ಹುಡುಕುವುದು ಅವರ ಪಾಲಿಗೆ ಇನ್ನೂ ಸ್ವಂತ ಖರ್ಚಿನ ವ್ಯವಸ್ಥೆಯೇ ಆಗಿದೆ.