ಮಾಸ್ತರ್‌ದಾ ಅವರ ಶಿಷ್ಯೆ: ಕಲ್ಪನಾ ದತ್ತ



ಭಾರತದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಶಾಲಾ ಶಿಕ್ಷಕರೊಬ್ಬರು ಸೇನಾನಾಯಕನ ಪಾತ್ರ ವಹಿಸಿದ ಉದಾಹರಣೆ ಇದೆಯೇ ಎಂದು ಯಾರಾದರೂ ಕೇಳಿದರೆ, ನಾನು ಚಿತ್ತಗಾಂಗಿನತ್ತ ಬೆರಳು ತೋರಿಸುತ್ತೇನೆ. ಇಂದು ಬಾಂಗ್ಲಾದೇಶದಲ್ಲಿರುವ ಆ ಬಂದರು ನಗರದಲ್ಲಿ ಸೂರ್ಯ ಸೇನ್ ಅವರು ಶಾಲಾ ಮಾಸ್ತರರಾಗಿದ್ದರು. ಜನ ಅವರನ್ನು ‘ಮಾಸ್ತರ್‌ದಾ’ ಎಂದು ಕರೆಯುತ್ತಿದ್ದರು. ಬಂಗಾಳಿಯಲ್ಲಿ ‘ದಾ’ ಎಂದರೆ ಅಣ್ಣ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಮೇಷ್ಟ್ರಣ್ಣ’. ಆ ಮಾಸ್ತರರ ಬಗ್ಗೆ ಬರೆದವರು ಅನೇಕರಿದ್ದಾರೆ. ನಾನಿಂದು ಬರೆಯಹೊರಟಿರುವುದು ಅವರ ಒಬ್ಬ ಶಿಷ್ಯೆಯ ಬಗ್ಗೆ. ಆಕೆಯ ಹೆಸರು ಕಲ್ಪನಾ ದತ್ತ.

ಮೊದಲು ಸಂದರ್ಭವನ್ನು ನೆನಪು ಮಾಡಿಕೊಳ್ಳೋಣ. 1930ರ ಏಪ್ರಿಲ್ 18ರ ರಾತ್ರಿ ಸೂರ್ಯ ಸೇನರ ತಂಡದ ಸುಮಾರು 65 ಮಂದಿ, ಹೆಚ್ಚಿನವರು ಎಳೆಯ ತರುಣರು, ಚಿತ್ತಗಾಂಗಿನ ಪೊಲೀಸ್ ಶಸ್ತ್ರಾಗಾರವನ್ನೂ ಸಹಾಯಕ ಪಡೆಯ ಶಸ್ತ್ರಾಗಾರವನ್ನೂ ವಶಪಡಿಸಿಕೊಂಡರು. ತಂತಿ ಮತ್ತು ದೂರವಾಣಿ ಸಂಪರ್ಕ ಕಡಿದರು, ರೈಲು ಮಾರ್ಗಕ್ಕೆ ತಡೆಯೊಡ್ಡಿದರು. 1916ರಲ್ಲಿ ಐರ್ಲೆಂಡಿನಲ್ಲಿ ನಡೆದ ಈಸ್ಟರ್ ದಂಗೆ ಅವರಿಗೆ ಮಾದರಿಯಾಗಿತ್ತು. ಆದರೆ ಬಂದೂಕುಗಳು ಸಿಕ್ಕವೇ ಹೊರತು ಅವುಗಳಿಗೆ ಬೇಕಾದ ಮದ್ದುಗುಂಡು ಸಿಗಲಿಲ್ಲ. ಅಂದು ಶುಭ ಶುಕ್ರವಾರವಾದ್ದರಿಂದ ಯೂರೋಪಿಯನ್ ಕ್ಲಬ್ ಕೂಡ ಖಾಲಿಯಾಗಿತ್ತು. ನಾಲ್ಕು ದಿನಗಳ ಬಳಿಕ ಜಲಾಲಾಬಾದ್ ಗುಡ್ಡದಲ್ಲಿ ನಡೆದ ಕಾಳಗದಲ್ಲಿ ಹನ್ನೆರಡು ಕ್ರಾಂತಿಕಾರಿಗಳು ಪ್ರಾಣ ತೆತ್ತರು. ಉಳಿದವರು ಚದುರಿ ಹಳ್ಳಿಗಳಲ್ಲಿ ತಲೆಮರೆಸಿಕೊಂಡರು.

ಕಲ್ಪನಾ ಆ ದಾಳಿಯಲ್ಲಿ ಇರಲಿಲ್ಲ. 1913ರಲ್ಲಿ ಚಿತ್ತಗಾಂಗ್ ಜಿಲ್ಲೆಯ ಶ್ರೀಪುರದಲ್ಲಿ ಹುಟ್ಟಿದ ಆಕೆ, 1929ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಕಲ್ಕತ್ತೆಯ ಬೆಥೂನ್ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. ದಾಳಿಯ ಸುದ್ದಿ ಆಕೆಯನ್ನು ಊರಿಗೆ ಎಳೆತಂದಿತು. ಸೂರ್ಯ ಸೇನರ ದಳಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವ ಪದ್ಧತಿ ಆರಂಭದಲ್ಲಿ ಇರಲಿಲ್ಲ. ಗಂಡು ಕಾರ್ಯಕರ್ತರು ಬಹುಮಂದಿ ಸೆರೆಯಾದ ಮೇಲೆ ಆ ಬಾಗಿಲು ತೆರೆಯಿತು. 1931ರ ಮೇ ತಿಂಗಳಲ್ಲಿ, ಇನ್ನೂ ಹದಿನೆಂಟು ತುಂಬದ ಕಲ್ಪನಾ ಒಳಗೆ ಕಾಲಿಟ್ಟಳು. ಕಾಲೇಜಿನಲ್ಲಿ ಕಲಿತ ರಸಾಯನಶಾಸ್ತ್ರ ಸ್ಫೋಟಕ ತಯಾರಿಕೆಗೆ ಒದಗಿತು. ಬಂಧಿತ ಸಂಗಾತಿಗಳನ್ನು ಬಿಡಿಸಲು ನ್ಯಾಯಾಲಯ ಮತ್ತು ಸೆರೆಮನೆಯನ್ನು ಸಿಡಿಸುವ ಯೋಜನೆಯಲ್ಲಿಯೂ ಆಕೆಯ ಪಾತ್ರವಿತ್ತು. ಅದು ಮುಂಚಿತವಾಗಿಯೇ ಬಯಲಾಯಿತು.

ಬಳಿಕ ಆಕೆಗೂ ಪ್ರೀತಿಲತಾ ವಡ್ಡೇದಾರಳಿಗೂ ಪಹಾಡ್‌ತಲಿಯ ಯೂರೋಪಿಯನ್ ಕ್ಲಬ್ಬಿನ ಮೇಲೆ ದಾಳಿ ಮಾಡುವ ಹೊಣೆ ವಹಿಸಲಾಯಿತು. ಪ್ರೀತಿಲತಾ ಆ ಊರಿನ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ದಾಳಿಗೆ ಒಂದು ವಾರ ಮೊದಲು, 1932ರ ಸೆಪ್ಟೆಂಬರ್ 17ರಂದು, ಗಂಡುಡುಗೆ ತೊಟ್ಟು ಆ ಪ್ರದೇಶವನ್ನು ನೋಡಿಬರಲು ಹೋಗಿದ್ದ ಕಲ್ಪನಾ ಪೊಲೀಸರ ಕೈಗೆ ಸಿಕ್ಕಿಬಿದ್ದಳು. ಸೆಪ್ಟೆಂಬರ್ 24ರಂದು ಪ್ರೀತಿಲತಾ ದಾಳಿಯ ಮುಂದಾಳತ್ವ ವಹಿಸಿ, ಗಾಯಗೊಂಡು, ಸೆರೆಯಾಗಲೊಪ್ಪದೆ ಸಯನೈಡ್ ನುಂಗಿ ಪ್ರಾಣಬಿಟ್ಟಳು. ಆಗ ಆಕೆಗೆ ಇಪ್ಪತ್ತೊಂದು ವರ್ಷ. ಬ್ರಿಟಿಷರ ಕಾಲದಲ್ಲಿ ತಡೆಹಿಡಿಯಲಾಗಿದ್ದ ಆಕೆಯ ಪದವಿಯನ್ನು ಕಲ್ಕತ್ತಾ ವಿಶ್ವವಿದ್ಯಾಲಯ ಪ್ರದಾನ ಮಾಡಿದ್ದು 2012ರಲ್ಲಿ, ಅಂದರೆ ಎಂಬತ್ತು ವರ್ಷಗಳ ನಂತರ.

ಒಂದು ವಾರದ ಅಂತರ ಇಬ್ಬರು ಗೆಳತಿಯರ ದಾರಿಯನ್ನು ಬೇರೆ ಮಾಡಿತು. ಒಬ್ಬಳು ಹುತಾತ್ಮಳಾದಳು, ಇನ್ನೊಬ್ಬಳು ಬದುಕುಳಿದಳು.

ಜಾಮೀನಿನ ಮೇಲೆ ಹೊರಬಂದ ಕಲ್ಪನಾ ಮನೆಯಲ್ಲಿ ಉಳಿಯದೆ ಭೂಗತಳಾದಳು. 1933ರ ಫೆಬ್ರವರಿ 16ರಂದು ಗೈರಾಲಾ ಗ್ರಾಮದಲ್ಲಿ ಸೂರ್ಯ ಸೇನ್ ಸೆರೆಸಿಕ್ಕರು. ಅದೇ ರಾತ್ರಿ ಅಲ್ಲಿಯೇ ಇದ್ದ ಕಲ್ಪನಾ ತಪ್ಪಿಸಿಕೊಂಡಳು. ಮೂರು ತಿಂಗಳ ಮೇಲೆ, ಮೇ 19ರಂದು, ಗಹಿರಾ ಎಂಬ ಹಳ್ಳಿಯಲ್ಲಿ ಆಕೆಯೂ ಸೆರೆಯಾದಳು. ವಿಚಾರಣೆಯಲ್ಲಿ ಸೂರ್ಯ ಸೇನ್ ಮತ್ತು ತಾರಕೇಶ್ವರ ದಸ್ತಿದಾರರಿಗೆ ಮರಣದಂಡನೆ, ಕಲ್ಪನಾಳಿಗೆ ಜೀವಾವಧಿ ಶಿಕ್ಷೆ. 1934ರ ಜನವರಿ 12ರಂದು ಮಾಸ್ತರ್‌ದಾ ಗಲ್ಲಿಗೇರಿದರು.

ಮುಂದಿನ ವರ್ಷಗಳಲ್ಲಿ ಬಂಗಾಳದ ಕ್ರಾಂತಿಕಾರಿಗಳ ಬದುಕಿನಲ್ಲಿ ನಡೆದ ಬದಲಾವಣೆ ನಮ್ಮ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅಂಡಮಾನಿನ ಸೆಲ್ಯುಲರ್ ಜೈಲು ಅವರ ಪಾಲಿಗೆ ಒಂದು ಪಾಠಶಾಲೆಯಾಯಿತು. ಮಾರ್ಕ್ಸ್‌ವಾದದ ಗ್ರಂಥಗಳನ್ನು ಗುಂಪುಗೂಡಿ ಓದಿದರು, ವಾದಿಸಿದರು. 1935ರಲ್ಲಿ ಜೈಲಿನೊಳಗೆಯೇ ಕಮ್ಯುನಿಸ್ಟ್ ಒಕ್ಕೂಟವೊಂದು ರೂಪುಗೊಂಡಿತು. ಚಿತ್ತಗಾಂಗ್ ದಾಳಿಯ ಗಣೇಶ್ ಘೋಷ್, ದಾಳಿಯ ದಿನ ಹದಿನಾಲ್ಕರ ಹುಡುಗನಾಗಿದ್ದ ಸುಬೋಧ್ ರಾಯ್ ಮುಂತಾದವರು ಇದೇ ದಾರಿ ಹಿಡಿದರು. ಘೋಷರು 1967ರಲ್ಲಿ ಲೋಕಸಭಾ ಸದಸ್ಯರೂ ಆದರು. ಬಂಗಾಳದ ಸೆರೆಮನೆಗಳಲ್ಲಿ ಆರು ವರ್ಷ ಕಳೆದ ಕಲ್ಪನಾ 1939ರಲ್ಲಿ ಬಿಡುಗಡೆಯಾದಳು. ಅದಕ್ಕಾಗಿ ರವೀಂದ್ರನಾಥ ಠಾಕೂರರು ಮತ್ತು ಸಿ. ಎಫ್. ಆಂಡ್ರೂಸ್ ಅವರು ಪ್ರಯತ್ನಿಸಿದ್ದರು. 1940ರಲ್ಲಿ ಪದವಿ ಪಡೆದು ಆಕೆ ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿದಳು. 1943ರಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿ ಪಿ. ಸಿ. ಜೋಶಿಯವರನ್ನು ವಿವಾಹವಾದಳು.

ಪಿಸ್ತೂಲು ಹಿಡಿದ ಕೈ ಪಕ್ಷದ ಕರಪತ್ರ ಹಿಡಿಯಲು ಕಾರಣವೇನು? ಪುಸ್ತಕಗಳ ಪ್ರಭಾವವೆಂದು ಹೇಳಿ ಮುಗಿಸಬಹುದು. ನನಗೆ ಮಾತ್ರ ಇನ್ನೊಂದು ಕಾರಣವೂ ತೋರುತ್ತದೆ. 1930ರ ಏಪ್ರಿಲಿನಲ್ಲಿ ನಗರ ಒಂದು ರಾತ್ರಿ ಕ್ರಾಂತಿಕಾರಿಗಳ ಕೈಗೆ ಬಂದರೂ ಜನಸಮೂಹ ಅವರ ಹಿಂದೆ ಎದ್ದು ನಿಲ್ಲಲಿಲ್ಲ. ಗುಟ್ಟಾಗಿ ಕಟ್ಟಿದ ದಳದ ಹಿಂದೆ ಜನ ಎದ್ದು ನಿಲ್ಲುವುದಾದರೂ ಹೇಗೆ? ಆದರೆ ಅದೇ ಜನರ ನಡುವಿನ ಬಡ ರೈತರು, ಹಿಂದೂಗಳೂ ಮುಸಲ್ಮಾನರೂ, ಮುಂದಿನ ಮೂರು ವರ್ಷ ಇವರಿಗೆ ಅನ್ನವಿಟ್ಟರು, ಆಶ್ರಯವಿತ್ತರು. ಸೂರ್ಯ ಸೇನರ ತಲೆಗೆ ಸರ್ಕಾರ ಹತ್ತು ಸಾವಿರ ರೂಪಾಯಿ ಬಹುಮಾನ ಘೋಷಿಸಿದ್ದ ಕಾಲವದು. ಕೆಲವರೇ ಸೇರಿ ನಾಡನ್ನು ಬಿಡಿಸಲಾರೆವು, ಬಹುಜನರು ಬೇಕು ಎಂಬ ಪಾಠ ಕಲ್ಪನಾಳಿಗೆ ಪುಸ್ತಕಕ್ಕಿಂತ ಮೊದಲು ಆ ಗುಡಿಸಲುಗಳಲ್ಲಿಯೇ ಸಿಕ್ಕಿರಬೇಕೆಂದು ನನ್ನ ಊಹೆ.

ಹತ್ತು ವರ್ಷಗಳ ನಂತರ ಆ ಗುಡಿಸಲುಗಳ ಋಣ ತೀರಿಸುವ ಕಾಲ ಬಂದಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಸರ್ಕಾರ ಕರಾವಳಿ ಜಿಲ್ಲೆಗಳ ದೋಣಿಗಳನ್ನು ಕಿತ್ತುಕೊಂಡಿತು. ಯುದ್ಧದ ಖರ್ಚಿನಿಂದ ಬೆಲೆಗಳು ಏರಿದವು. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷವೆಂದು ಅಂದಾಜು. ಬರ್ಮಾ ಗಡಿಗೆ ಸಮೀಪದ ಚಿತ್ತಗಾಂಗ್ ಆ ಸಂಕಟದ ನಡುವೆಯೇ ಇತ್ತು. ಕಲ್ಪನಾ ಪರಿಹಾರ ಕಾರ್ಯಕ್ಕೆ ಇಳಿದಳು. ಇದರಲ್ಲಿ ಗುಂಡಿನ ಸದ್ದಿಲ್ಲ, ಹಾಡು ಕಟ್ಟುವವರಿಲ್ಲ. ಆದರೆ ಇದೂ ದೇಶಸೇವೆಯೇ.

ಇತಿಹಾಸದ ಮೇಷ್ಟ್ರಾದ ನಾನು ಇನ್ನೊಂದು ಬದಿಯನ್ನೂ ಹೇಳಬೇಕು. ಸೋವಿಯತ್ ಒಕ್ಕೂಟದ ಮೇಲೆ ಜರ್ಮನಿ ದಾಳಿ ಮಾಡಿದ ಬಳಿಕ ಕಮ್ಯುನಿಸ್ಟ್ ಪಕ್ಷ ಯುದ್ಧವನ್ನು ‘ಜನಯುದ್ಧ’ ಎಂದು ಕರೆದು, 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯನ್ನು ವಿರೋಧಿಸಿತು. ಸಹಸ್ರಾರು ದೇಶಭಕ್ತರು ಸೆರೆಯಲ್ಲಿದ್ದಾಗ ತಳೆದ ಈ ನಿಲುವನ್ನು ಜನ ಸುಲಭವಾಗಿ ಮರೆಯಲಿಲ್ಲ. 1946ರಲ್ಲಿ ಬಂಗಾಳದ ವಿಧಾನಸಭೆಗೆ ಚಿತ್ತಗಾಂಗಿನಿಂದ ಸ್ಪರ್ಧಿಸಿದ ಕಲ್ಪನಾ ಸೋತಳು. ಮರುವರ್ಷ ದೇಶ ಸ್ವತಂತ್ರವಾಯಿತು. ಆಕೆಯ ಹುಟ್ಟೂರು ಮಾತ್ರ ಬೇರೆ ದೇಶದ ಪಾಲಾಯಿತು. ಮುಂದೆ ಭಾರತದಲ್ಲಿ ನೆಲೆಸಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದು, 1995ರ ಫೆಬ್ರವರಿ 8ರಂದು ಕಣ್ಮುಚ್ಚಿದಳು.

1945ರಲ್ಲಿ ಚಿತ್ತಗಾಂಗ್ ದಾಳಿಕಾರರ ಕುರಿತ ಆಕೆಯ ನೆನಪುಗಳು ಪುಸ್ತಕವಾಗಿ ಬಂದವು. ಗಲ್ಲಿಗೇರಿದ ಗುರುವನ್ನೂ ವಿಷ ನುಂಗಿದ ಗೆಳತಿಯನ್ನೂ ಹತ್ತಿರದಿಂದ ಬಲ್ಲವಳೊಬ್ಬಳು ಬದುಕುಳಿದದ್ದರಿಂದಲೇ ಅವರ ಕಥೆ ಪೊಲೀಸರ ಕಡತಗಳಾಚೆಗೂ ನಮಗೆ ದೊರೆಯಿತು. ಸಾವಿಗೆ ಅಂಜದ ಧೈರ್ಯಕ್ಕೆ ನಾವು ಪ್ರತಿಮೆ ನಿಲ್ಲಿಸುತ್ತೇವೆ; ಅದು ಸರಿಯೇ. ನಂಬಿದ ದಾರಿಯನ್ನು ಮರುಪರಿಶೀಲಿಸಿ, ಸೋಲನ್ನೂ ಟೀಕೆಯನ್ನೂ ಉಂಡು, ಎಂಬತ್ತೊಂದು ವರ್ಷ ಬಾಳಿದ ಧೈರ್ಯಕ್ಕೆ ಪ್ರತಿಮೆಗಳು ಕಡಿಮೆ. ನಿಮ್ಮ ಮಕ್ಕಳಿಗೆ ಪ್ರೀತಿಲತಾಳ ಕಥೆ ಹೇಳುವಾಗ, ಜೊತೆಯಲ್ಲಿ ಕಲ್ಪನಾಳ ಕಥೆಯನ್ನೂ ಹೇಳಿರಿ.